ಪರಸ್ಥಳ, ಸ್ವಸ್ಥಳ

2024ರ ಕಾರ್ತಿಕ ಮಾಸದಲ್ಲಿ ಭರಮಸಾಗರದ ಸಮೀಪದ ಹಳ್ಳಿಯೊಂದರ ವೃದ್ಧ ಭಕ್ತರೊಬ್ಬರು ನಮ್ಮಲ್ಲಿಗೆ ಬಂದರು. ಎಪ್ಪತ್ತು ದಾಟಿದವರು, ನಾಲ್ಕು ಎಕರೆ ಹೊಲದಲ್ಲಿ ಜೋಳ, ಹತ್ತಿ, ಈಚೆಗೆ ಮೆಕ್ಕೆಜೋಳ ಬೆಳೆದು ಮಕ್ಕಳನ್ನು ಓದಿಸಿದವರು. ನಮಸ್ಕರಿಸಿ ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಕೇಳಿದರು: "ಬುದ್ಧೀ, ಮಗ ಚೆನ್ನಾಗಿ ನೋಡಿಕೊಂಡ. ಸೊಸೆ ಮಗಳ ಹಾಗೆ. ಒಂದಕ್ಕೂ ಕಮ್ಮಿ ಇರಲಿಲ್ಲ. ಆದರೂ ಮೂರು ವರ್ಷ ಅಲ್ಲಿದ್ದು, ನಾನು ಅಲ್ಲಿ ಯಾರು ಅನ್ನೋದೇ ತಿಳೀಲಿಲ್ಲ. ಇದು ನನ್ನ ತಪ್ಪೋ, ಆ ಊರಿನ ತಪ್ಪೋ?"

ಆ ಕ್ಷಣಕ್ಕೆ ನಮಗೆ ಉತ್ತರ ತೋಚಲಿಲ್ಲ. ಪ್ರಸಾದ ಮಾಡಿಕೊಂಡು ಹೋಗಿರೆಂದು ಹೇಳಿ ಕಳುಹಿಸಿದೆವು. ಅವರು ಹೋದರು, ಪ್ರಶ್ನೆ ಉಳಿಯಿತು. ಈ ಪತ್ರಿಕೆಯನ್ನು ಓದುವ ಭಕ್ತರ ಮನೆಗಳಲ್ಲಿ ದೂರದ ಊರಿಗೆ ಹೋದ ಒಬ್ಬರಾದರೂ ಇಲ್ಲದ ಮನೆ ಈಗ ವಿರಳ. ಮಠದ ಹಳೆಯ ವಿದ್ಯಾರ್ಥಿಗಳಲ್ಲಂತೂ ಇದನ್ನು ಪುಣೆಯಲ್ಲಿ, ದೆಹಲಿಯಲ್ಲಿ ಕುಳಿತು ಓದುವವರೇ ಅನೇಕರು. ಆದುದರಿಂದ ಆ ಯಜಮಾನರಿಗೆ ಹೇಳಬೇಕಾಗಿದ್ದ ಮಾತನ್ನು ನಿಮ್ಮೊಡನೆ ಕೂಡಿಯೇ ವಿಚಾರಮಾಡೋಣವೆಂದು ಬರೆಯಲು ತೊಡಗಿದ್ದೇವೆ.

ಅವರ ವೃತ್ತಾಂತ ಇಷ್ಟು. ಪತ್ನೀವಿಯೋಗವಾದ ಮೇಲೆ 2021ರಲ್ಲಿ ಮಗ ಅವರನ್ನು ದೆಹಲಿಯ ಪಕ್ಕದ ಗುರುಗ್ರಾಮಕ್ಕೆ ಕರೆದೊಯ್ದ. ಹದಿನಾಲ್ಕನೆಯ ಅಂತಸ್ತಿನಲ್ಲಿ ಮನೆ. ಬೆಳಿಗ್ಗೆ ಎಂಟಕ್ಕೆ ಮಗ ಸೊಸೆ ಇಬ್ಬರೂ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ಆ ಮಗುವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಅದೇ ವರ್ಷ ಹರಿಹರದ ಬಳಿಯಿಂದ ತುಂಗಭದ್ರೆಯ ನೀರನ್ನು ಏರಿಸಿ ತಂದು ಭರಮಸಾಗರದ ದೊಡ್ಡ ಕೆರೆಗೆ ಹರಿಸಿದರು. ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರಿನೊಡನೆ ಬೆಸೆದುಕೊಂಡ ಆ ಕೆರೆಯ ಒಣ ಅಂಗಳವನ್ನು ವರ್ಷಗಟ್ಟಲೆ ಕಂಡವರಿಗೆ ಅದರಲ್ಲಿ ನೀರು ನಿಂತ ಸಂತೋಷ ಎಂಥದೆಂದು ವರ್ಣಿಸಬೇಕಾಗಿಲ್ಲ. ಮಗ ಆ ದೃಶ್ಯವನ್ನು ಮೊಬೈಲಿನಲ್ಲಿ ತಂದೆಗೆ ತೋರಿಸಿದ. "ಆವತ್ತಿನಿಂದ ಮೂರು ದಿನ ಊಟ ಸೇರಲಿಲ್ಲ ಬುದ್ಧೀ. ಕೆರೆ ತುಂಬಿತು ಅಂತ ಸಂತೋಷವೋ, ನಾನಿಲ್ಲದೆ ತುಂಬಿತಲ್ಲಾ ಅಂತ ಸಂಕಟವೋ, ಇವತ್ತಿಗೂ ಗೊತ್ತಿಲ್ಲ." ಸಂಜೆಯ ಹೊತ್ತು ಕೆಳಗಿಳಿದು ಗೇಟಿನ ಕಾವಲುಗಾರನ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದರಂತೆ. ಅವನು ಬುಂದೇಲಖಂಡದ ಕಡೆಯವನು. ಇದನ್ನು ಅವರು ಲೆಕ್ಕಕ್ಕಿಲ್ಲದ ಸಂಗತಿಯೆಂಬಂತೆ ಹೇಳಿದರು. ನಾವೂ ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಭರಮಸಾಗರದ ಮೇಲೆ ಹಾದುಹೋಗುವ ರಸ್ತೆಯನ್ನು ನಾವೆಲ್ಲ ಪುಣೆ–ಬೆಂಗಳೂರು ರಸ್ತೆಯೆಂದೇ ಕರೆದು ರೂಢಿ. ಹಿಂದೆ ಅದು ನಾಲ್ಕನೆಯ ರಾಷ್ಟ್ರೀಯ ಹೆದ್ದಾರಿ. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿದಾಗ ಅದು 48 ಆಯಿತು. ಈ 48ನೆಯ ಹೆದ್ದಾರಿ ದೆಹಲಿಯಲ್ಲಿ ಹೊರಟು, ಜೈಪುರ, ಉದಯಪುರ, ಅಹಮದಾಬಾದು, ಮುಂಬಯಿ, ಪುಣೆ, ಬೆಳಗಾವಿ, ದಾವಣಗೆರೆಗಳನ್ನು ಮುಟ್ಟಿ, ಚಿತ್ರದುರ್ಗ ಬೆಂಗಳೂರುಗಳನ್ನು ದಾಟಿ ಚೆನ್ನೈಗೆ ಹೋಗುತ್ತದೆ. ಸುಮಾರು 2,800 ಕಿಲೋಮೀಟರು. ದೆಹಲಿ ಬಿಟ್ಟೊಡನೆ ಅದು ಹಾಯುವ ಮೊದಲ ದೊಡ್ಡ ಊರೇ ಗುರುಗ್ರಾಮ. ಎಂದರೆ, ಆ ತಂದೆಯ ಮನೆಯೂ ಮಗನ ಮನೆಯೂ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ದಾರಿ ಒಂದೇ ಆದ ಮಾತ್ರಕ್ಕೆ ಊರು ಒಂದಾಗುವುದಿಲ್ಲವೆಂಬುದೂ ನಿಜವೇ.

ಇಂಥ ಸಂಕಟಕ್ಕೆ ಲೋಕದಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕಾಲಕ್ಕೆ ತಕ್ಕಂತೆ ಕೋಲ, ಹೋದ ಊರಿನ ಭಾಷೆ ಕಲಿ, ಅವರುಂಡದ್ದನ್ನು ಉಣ್ಣು, ಹೊಂದಿಕೋ ಎಂಬುದು ಒಂದು. ಆಗದಿದ್ದರೆ ಗಂಟು ಕಟ್ಟಿಕೊಂಡು ಊರಿಗೆ ಬಾ, ಹುಟ್ಟಿದ ನೆಲದ ಗುಣ ಇನ್ನೆಲ್ಲಿದೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ನಮ್ಮ ಯಜಮಾನರು ಹಿಂದಿಯ ನಾಲ್ಕು ಮಾತು ಕಲಿತಿದ್ದರು, ಗೋಧಿಯ ರೊಟ್ಟಿಗೆ ಒಗ್ಗಿದ್ದರು, ಲಿಫ್ಟಿನ ಗುಂಡಿ ಒತ್ತುವುದನ್ನೂ ಬಲ್ಲವರಾಗಿದ್ದರು. ಹೊಂದಿಕೊಂಡೂ ಅವರು ಅಲ್ಲಿಯವರಾಗಲಿಲ್ಲ. ಊರಿಗೆ ಮರಳಿದ ಮೇಲೆ ನೆಮ್ಮದಿಯಾಯಿತೇ ಎಂದರೆ ಅದೂ ಇಲ್ಲ. ಆಗಿದ್ದರೆ ನಮ್ಮಲ್ಲಿಗೆ ಬಂದು ಆ ಪ್ರಶ್ನೆ ಕೇಳುತ್ತಿರಲಿಲ್ಲ.

ನಡುವೆ ಒಂದು ಮಾತು. ವಲಸೆಯನ್ನು ನಾವು ಈ ಕಾಲದ ಪಿಡುಗೆಂಬಂತೆ ಆಡಿಕೊಳ್ಳುತ್ತೇವೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಹಿಂದಿನ ವಾಸಸ್ಥಳವನ್ನು ಬಿಟ್ಟು ಬೇರೆಡೆ ನೆಲೆಸಿದವರು ಸುಮಾರು 45 ಕೋಟಿ. ಅವರಲ್ಲಿ ಬಹುಪಾಲು ಹೆಂಗಸರು; ಅವರು ಸ್ಥಳ ಬಿಟ್ಟ ಮುಖ್ಯ ಕಾರಣ ಮದುವೆ. ಹದಿನೆಂಟಕ್ಕೋ ಇಪ್ಪತ್ತಕ್ಕೋ ತವರನ್ನು ಬಿಟ್ಟು, ಗುರುತಿಲ್ಲದ ಒಲೆಯ ಮುಂದೆ ಕುಳಿತು, ಮತ್ತೊಬ್ಬರ ಮನೆಯನ್ನು ತನ್ನದನ್ನಾಗಿ ಮಾಡಿಕೊಳ್ಳುವ ಈ ಮಹಾವಿದ್ಯೆಯನ್ನು ನಮ್ಮ ತಾಯಂದಿರು ಯಾರ ಉಪದೇಶವೂ ಇಲ್ಲದೆ ಕಲಿತರು. ಅವರಿಗಾಗಿ ಯಾರೂ ಇಂಥ ಲೇಖನ ಬರೆಯಲಿಲ್ಲ. ಗಂಡಸರು ಊರು ಬಿಡತೊಡಗಿದ ಮೇಲೆ ಅದೊಂದು ಸಮಸ್ಯೆಯಾಯಿತು! ಆ ತಾಯಂದಿರನ್ನು ಕೇಳಿ ನೋಡಿ: ಈ ಮನೆ ನಿಮ್ಮದೆನ್ನಿಸಿದ್ದು ಯಾವಾಗ? ಬಳೆ ಸೀರೆ ಕೊಡಿಸಿದ ದಿನವೆಂದು ಹೇಳುವವರನ್ನು ನಾವು ಕಂಡಿಲ್ಲ. ಅತ್ತೆ ಕಾಯಿಲೆ ಬಿದ್ದಾಗ ಒಲೆ ತನ್ನ ಕೈಗೆ ಬಂದ ದಿನ, ಹೊಲದಿಂದ ಬಂದವರು 'ಏನಾದರೂ ಇದೆಯಾ' ಎಂದು ತನ್ನನ್ನೇ ಕೇಳಿದ ದಿನ, ಎಂದು ಹೇಳುತ್ತಾರೆ.

ನಾವೂ ಒಮ್ಮೆ ದೂರದ ಊರಿಗೆ ಹೋದವರೇ. 1989ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಿರಿಯರ ಅಪ್ಪಣೆಯಂತೆ ವ್ಯಾಸಂಗಕ್ಕಾಗಿ ಕಾಶಿಗೆ ಹೊರಟೆವು. ಜಂಗಮವಾಡಿಯ ಆ ಪ್ರಾಚೀನ ಮಠದ ಆಸರೆಯಲ್ಲಿ ಶತಮಾನಗಳಿಂದ ಕನ್ನಡ ನಾಡಿನ, ಮಹಾರಾಷ್ಟ್ರದ ವಟುಗಳು ಓದಿದ್ದಾರೆ. ಅಲ್ಲಿಂದ ಸಂಪೂರ್ಣಾನಂದ ಸಂಸ್ಕೃತ ವಿಶ್ವವಿದ್ಯಾಲಯಕ್ಕೆ ನಿತ್ಯವೂ ನಡೆದು ಹೋಗಿ ಬರುತ್ತಿದ್ದೆವು. 1791ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ವಿದ್ಯಾಸ್ಥಾನವದು. ವಿದ್ಯೆಯ ವಿಷಯದಲ್ಲಿ ನಮಗೆ ಕೊರತೆಯಿರಲಿಲ್ಲ. ಆದರೆ ಮೊದಲ ಒಂದು ವರ್ಷ ನಾವು ಕಾಶಿಯಲ್ಲಿದ್ದೆವೆನ್ನುವುದಕ್ಕಿಂತ ಕಾಶಿಯೊಳಗೆ ಕಟ್ಟಿಕೊಂಡ ಚಿತ್ರದುರ್ಗದಲ್ಲಿದ್ದೆವೆನ್ನುವುದೇ ಸರಿ. ಕನ್ನಡ ಬಲ್ಲ ನಾಲ್ವರೊಡನೆ ಮಾತು, ಅವರೊಡನೆಯೇ ಊಟ, ಉಳಿದವರ ಮೇಲೆ ಒಂದು ಬಗೆಯ ತಾತ್ಸಾರ. ಪೌಷ ಮಾಸದ ಮಂಜಿನಲ್ಲಿ ಗಂಗೆಗೆ ಇಳಿಯುವಾಗ ಊರ ಹಳ್ಳದ ನೆನಪಾಗಿ ಅತ್ತದ್ದೂ ಉಂಟು.

ನಾವು ನಡೆಯುವ ಗಲ್ಲಿಯಲ್ಲಿ ಒಂದು ಮನೆಯ ಮೆಟ್ಟಿಲ ಮೇಲೆ ಬಂಗಾಳದ ಒಬ್ಬ ವೃದ್ಧೆ ಕುಳಿತಿರುತ್ತಿದ್ದಳು. ಬಿಳಿಯ ಸೀರೆ, ಕತ್ತರಿಸಿದ ಕೂದಲು; ಕಾಶಿಯಲ್ಲಿ ದೇಹ ಬಿಡಲೆಂದು ಬಂದು ನೆಲೆಸುತ್ತಿದ್ದ ಅಸಂಖ್ಯಾತ ವಿಧವೆಯರಲ್ಲಿ ಒಬ್ಬಳು. ಮಧ್ಯಾಹ್ನ ಪಾಠ ಮುಗಿಸಿ ಮರಳುವಾಗ ಪ್ರತಿದಿನವೂ ನಮ್ಮನ್ನು ನೋಡಿ ಏನೋ ಒಂದು ಮಾತು ಹೇಳುತ್ತಿದ್ದಳು: "ಖೇಯೆಛೊ?" ಭಿಕ್ಷೆ ಕೇಳುತ್ತಾಳೆಂದು ನಾವು ಮುಖ ತಿರುಗಿಸಿ ಹೋಗುತ್ತಿದ್ದೆವು. ಒಂದು ದಿನ ಬೇಸತ್ತು ನಾಲ್ಕಾಣೆಯ ನಾಣ್ಯವೊಂದನ್ನು ಆಕೆಯ ಮಡಿಲಿಗೆ ಹಾಕಿ ನಡೆದೆವು. ಮರುದಿನ ಆ ನಾಣ್ಯ ನಾವು ಹಾಯುವ ಕಡೆಗೆ, ಮೆಟ್ಟಿಲ ಅಂಚಿನ ಮೇಲೆ ಇತ್ತು. ಆಕೆ ನಮ್ಮ ಕಡೆ ನೋಡಲಿಲ್ಲ, ಏನೂ ಹೇಳಲಿಲ್ಲ. ಇದಾಗಿ ತಿಂಗಳುಗಳ ಮೇಲೆ ಸಹಪಾಠಿಯಾದ ಬಂಗಾಳಿ ವಿದ್ಯಾರ್ಥಿಯೊಬ್ಬನನ್ನು ಆ ಶಬ್ದದ ಅರ್ಥ ಕೇಳಿದೆವು. ಅವನು ನಕ್ಕು, "ಉಂಡೆಯಾ ಎಂದರ್ಥ" ಎಂದನು. ಅಷ್ಟರಲ್ಲಿ ಆ ಮನೆಗೆ ಬೀಗ ಬಿದ್ದಿತ್ತು.

ಆಕೆಯೂ ನಮ್ಮಂತೆಯೇ ಊರು ಬಿಟ್ಟು ಬಂದವಳು. ನಮಗಿದ್ದ ಗ್ರಂಥ, ಗೆಳೆಯರು, ಊಟದ ಪಂಕ್ತಿ, ಯಾವುದೂ ಆಕೆಗಿರಲಿಲ್ಲ. ಆದರೂ ದಾರಿಹೋಕನಾದ ಹುಡುಗನೊಬ್ಬನ ಹಸಿವಿನ ಕಾಳಜಿಯನ್ನು ಆಕೆ ವಹಿಸಿಕೊಂಡಿದ್ದಳು. ಆ ಗಲ್ಲಿಯಲ್ಲಿ ನಿಜವಾಗಿ ನೆಲೆಸಿದ್ದವಳು ಆಕೆ, ನಾವು ಪ್ರವಾಸಿಗಳು. ದಾನ ಮಾಡಿದೆವೆಂಬ ಭಾವನೆಯಿಂದ ಅವಮಾನ ಮಾಡಿದ್ದೆವು. ಮೂರೂವರೆ ದಶಕ ಕಳೆದರೂ ಆ ನಾಲ್ಕಾಣೆಯ ಭಾರ ಇಳಿದಿಲ್ಲ.

ಆ ಮುಂದಿನ ಚಳಿಗಾಲದಲ್ಲಿ ರಾಣೇಬೆನ್ನೂರಿನ ಕಡೆಯ ಯಾತ್ರಿಕರ ಒಂದು ಗುಂಪು ಕಾಶಿಯ ರೈಲು ನಿಲ್ದಾಣದಲ್ಲಿ ದಿಕ್ಕುಗೆಟ್ಟು ನಿಂತಿತ್ತು. ಗುಂಪಿನ ಮುಂದಾಳು ಎಲ್ಲೋ ತಪ್ಪಿಸಿಕೊಂಡಿದ್ದ, ಒಬ್ಬ ಮುದುಕಿಗೆ ಜ್ವರ. ಯಾರನ್ನೋ ಬೀಳ್ಕೊಡಲು ಹೋಗಿದ್ದ ನಾವು ಆ ರಾತ್ರಿಯೆಲ್ಲ ಅವರೊಡನೆ ಓಡಾಡಿದೆವು. ಔಷಧಿ, ಛತ್ರ, ಹಾಲು. ರಿಕ್ಷಾದವನೊಡನೆ ಬಾಡಿಗೆಗಾಗಿ ಜಗಳವಾಡಿದ ಹಿಂದಿಯೇ ನಮ್ಮ ಬಾಯಿಂದ ಬಂದ ಮೊದಲ ನಿಜವಾದ ಹಿಂದಿ. ಬೆಳಗಾಗುವ ಹೊತ್ತಿಗೆ ಒಬ್ಬ ತಾಯಿ, "ನೀವು ಇದೇ ಊರಿನವರೇನ್ರೀ?" ಎಂದು ಕೇಳಿದಳು. ಹೌದೆಂದು ಬಾಯಿಗೆ ಬಂದುಬಿಟ್ಟಿತು. ಅದು ಸುಳ್ಳಾಗಿರಲಿಲ್ಲ.

ಫ್ರಾನ್ಸಿನ ಚಿಂತಕಿ ಸಿಮೋನ್ ವೇಯ್ 1943ರಲ್ಲಿ, ತಾಯ್ನಾಡು ಶತ್ರುಗಳ ವಶದಲ್ಲಿದ್ದಾಗ, ಲಂಡನ್ನಿನಲ್ಲಿ ಕುಳಿತು ಮನುಷ್ಯನು ಬೇರೂರುವ ವಿಷಯವಾಗಿ ಒಂದು ಗ್ರಂಥವನ್ನು ಬರೆದಳು. ಅದೇ ವರ್ಷ ಆಕೆ ತೀರಿಕೊಂಡಳು. ಗ್ರಂಥವು 1949ರಲ್ಲಿ ಪ್ರಕಟವಾಯಿತು. ಬೇರೆಂಬುದು ಹುಟ್ಟಿನಿಂದ ಮಾತ್ರ ಬರುವುದಿಲ್ಲ, ಒಂದು ಸಮುದಾಯದ ಬಾಳಿನಲ್ಲಿ ನಿಜವಾಗಿ ಪಾಲುಗೊಳ್ಳುವುದರಿಂದ ಬರುತ್ತದೆಂಬುದು ಆಕೆಯ ವಿಚಾರದ ತಿರುಳು. ವಿಶ್ವವಿದ್ಯಾಲಯದಲ್ಲಿ ಇದನ್ನು ಓದಿದಾಗ ನಮಗೆ ಹೊಸದೆನ್ನಿಸಲಿಲ್ಲ. ಕಲ್ಯಾಣದ ಇತಿಹಾಸವನ್ನು ಬಲ್ಲವರಿಗೆ ಇದು ಮನೆಯ ಮಾತು.

ಹನ್ನೆರಡನೆಯ ಶತಮಾನದ ಕಲ್ಯಾಣ ಸಹ ದೊಡ್ಡ ನಗರ. ಅಲ್ಲಿ ನೆರೆದವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು. ಅಲ್ಲಮಪ್ರಭುಗಳು ಬಳ್ಳಿಗಾವೆಯ ಕಡೆಯವರು, ಅಕ್ಕಮಹಾದೇವಿ ಉಡುತಡಿಯವರು, ಸಿದ್ಧರಾಮರು ಸೊನ್ನಲಿಗೆಯವರು, ಸ್ವತಃ ಬಸವಣ್ಣನವರು ಬಾಗೇವಾಡಿಯಲ್ಲಿ ಹುಟ್ಟಿ ಮಂಗಳವಾಡದ ಮೂಲಕ ಬಂದವರು. ಎಲ್ಲರಿಗಿಂತ ದೂರದಿಂದ ಬಂದವರು ಮೋಳಿಗೆಯ ಮಾರಯ್ಯನವರು. ಕಾಶ್ಮೀರದ ಅರಸುತನವನ್ನು ತೊರೆದು ಪತ್ನಿ ಮಹಾದೇವಿಯವರೊಡನೆ ಬಂದರೆಂದು ಪರಂಪರೆ ಹೇಳುತ್ತದೆ. ಬಂದವರು ಅರಮನೆಯಲ್ಲಿ ಅತಿಥಿಯಾಗಿ ಉಳಿಯಲಿಲ್ಲ. ಕಾಡಿಗೆ ಹೋಗಿ ಕಟ್ಟಿಗೆ ಕಡಿದು ತಂದು ಮಾರಿದರು, ಬಂದುದರಲ್ಲಿ ಜಂಗಮದಾಸೋಹ ನಡೆಸಿದರು. ಅವರ ಬಡತನವನ್ನು ಕಂಡು ಮರುಗಿದ ಬಸವಣ್ಣನವರು ಗುಟ್ಟಾಗಿ ಹೊನ್ನು ಇಟ್ಟು ಬಂದರೆಂದೂ ಮಾರಯ್ಯನವರು ಅದನ್ನು ಜಂಗಮರಿಗೆ ಕೊಟ್ಟುಬಿಟ್ಟರೆಂದೂ ಕಥೆ. ಇದನ್ನು ನಾವು ಸಾಮಾನ್ಯವಾಗಿ ವೈರಾಗ್ಯಕ್ಕೆ ನಿದರ್ಶನವಾಗಿ ಹೇಳುತ್ತೇವೆ. ಪರಸ್ಥಳದವನ ಕಣ್ಣಿನಿಂದ ನೋಡಿದರೆ ಇನ್ನೊಂದು ಅರ್ಥ ಹೊಳೆಯುತ್ತದೆ. ಆ ಹೊನ್ನನ್ನು ತನಗೆಂದು ಇಟ್ಟುಕೊಂಡಿದ್ದರೆ ಮಾರಯ್ಯ ಕಲ್ಯಾಣದ ಕರುಣೆಗೆ ಪಾತ್ರನಾದ ಪರದೇಶಿಯಾಗಿ ಉಳಿಯುತ್ತಿದ್ದರು. ಕಟ್ಟಿಗೆಯ ಹೊರೆ ಹೊತ್ತು ತಂದದ್ದರಿಂದ ಕಲ್ಯಾಣದ ಒಲೆಗಳಿಗೆ ಅವರು ಬೇಕಾದವರಾದರು. ಕಾಶ್ಮೀರದವರೆಂದು ಹೇಳುವ ಅವರ ವಚನಗಳು ಕನ್ನಡದಲ್ಲಿವೆಯೆಂಬುದನ್ನೂ ಮರೆಯಬಾರದು.

ಜಂಗಮನಿಗೆ ಊರೆಲ್ಲಿಯದು, ನಿಮ್ಮ ಮತವೇ ಸ್ಥಾವರವನ್ನು ಒಪ್ಪುವುದಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಅಂಗೈಯ ಇಷ್ಟಲಿಂಗ ಗುರುಗ್ರಾಮಕ್ಕೂ ಬರುತ್ತದೆ, ನ್ಯೂಯಾರ್ಕಿಗೂ ಬರುತ್ತದೆ. ದೇವರು ಊರಿನಲ್ಲಿ ಉಳಿದುಬಿಟ್ಟನೆಂಬ ನೆಪ ನಮ್ಮವರಿಗಿಲ್ಲ. ಆದರೆ ನೆರೆಯವನು ನಮ್ಮೊಡನೆ ಬರುವುದಿಲ್ಲ. ಅವನನ್ನು ಹೋದ ಊರಿನಲ್ಲಿಯೇ ಸಂಪಾದಿಸಬೇಕು. ಜಂಗಮನಿಗೆ ತನ್ನದೆಂಬ ಮನೆಯಿರಲಿಲ್ಲ, ನಿಜ. ಎಲ್ಲ ಮನೆಯ ಬಾಗಿಲಲ್ಲಿಯೂ ಅವನಿಗೆ ಕೆಲಸವಿತ್ತು.

ಹಾಗೆಂದು ಊರನ್ನು ಮರೆಯಬೇಕೆಂದು ನಾವು ಹೇಳುತ್ತಿಲ್ಲ. 941ರಲ್ಲಿ ಪಂಪ ಮಹಾಕವಿ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ ಭಾರತ ಬರೆಯುತ್ತ ಬನವಾಸಿಯನ್ನು ನೆನೆದು ಹಾಡಿದ. ಆ ನೆನಪು ಅವನ ಕೈಯನ್ನು ಕಟ್ಟಲಿಲ್ಲ, ಕಾವ್ಯಕ್ಕೆ ಒದಗಿತು. ಮುಂಬಯಿಯ ಕನ್ನಡಿಗರ ಚರಿತ್ರೆಯಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದು. ಮೈಸೂರು ಅಸೋಸಿಯೇಷನ್ 1926ರಲ್ಲಿ, ಕರ್ನಾಟಕ ಸಂಘ 1934ರಲ್ಲಿ ಅಲ್ಲಿ ಹುಟ್ಟಿದವು. ಸಂಘಗಳಿಗಿಂತ ನಮಗೆ ಹೆಚ್ಚು ಪೂಜ್ಯವೆನ್ನಿಸುವುದು ಆ ನಗರದ ಕನ್ನಡ ರಾತ್ರಿ ಶಾಲೆಗಳು. ಕರಾವಳಿಯಿಂದ ಬಂದು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಅಲ್ಲಿ ಪಾಠಕ್ಕೆ ಕೂರುತ್ತಿದ್ದರು. ಹಗಲು ಕಚೇರಿಯಲ್ಲಿ ದುಡಿದವರು ರಾತ್ರಿ ಅಲ್ಲಿ ಮೇಷ್ಟರಾಗುತ್ತಿದ್ದರು. ಮುಂಚೆ ಬಂದವನು ಹಿಂದಿನಿಂದ ಬಂದವನಿಗೆ ದೀಪ ಹಿಡಿದನು. ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿ ಹೋಳಿಗೆಯುಂಡು ಮನೆಗೆ ಹೋಗುವುದು ತಪ್ಪಲ್ಲ. ಅಷ್ಟಕ್ಕೇ ನಿಂತರೆ ಅದು ನಮ್ಮ ಕಾಶಿಯ ಮೊದಲ ವರ್ಷದಂತೆ.

ಊರಿನ ತಪ್ಪೋ ಎಂಬ ಪ್ರಶ್ನೆಯ ಇನ್ನೊಂದು ಭಾಗ ಹಾಗೆಯೇ ಉಳಿದಿದೆ. ಊರಿನ ತಪ್ಪೂ ಉಂಟು. 1960ರ ದಶಕದಲ್ಲಿ ಅದೇ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಅದನ್ನು ನಾವು ನೆನಪಿಟ್ಟಿದ್ದೇವೆ. 2012ರ ಆಗಸ್ಟಿನಲ್ಲಿ, ವದಂತಿಗೆ ಹೆದರಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ನಮ್ಮ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿ ಓಡಿದ್ದನ್ನು ಅಷ್ಟು ನೆನಪಿಟ್ಟಿದ್ದೇವೆಯೇ? 2020ರ ಲಾಕ್‌ಡೌನಿನಲ್ಲಿ ಕೂಲಿಗಳು ಗಂಟು ಹೊತ್ತು ಹೆದ್ದಾರಿಗಳಲ್ಲಿ ನಡೆದರು. ಅವರಿಗೆ ಅನ್ನವಿಕ್ಕಿದ ಹಳ್ಳಿಗಳೂ ನಮ್ಮ ನಾಡಿನಲ್ಲಿದ್ದವು, ಊರ ದಾರಿಗೆ ಮುಳ್ಳು ಕಡಿದು ಹಾಕಿದ ಹಳ್ಳಿಗಳೂ ಇದ್ದವು.

ಇನ್ನು ನಮ್ಮ ಭರಮಸಾಗರದ ಸುತ್ತಮುತ್ತಲನ್ನೇ ನೋಡಿರಿ. ಮಗ ಪರದೇಶದಲ್ಲಿ ಹೇಗಿದ್ದಾನೋ ಎಂದು ಹಲುಬುವ ತಂದೆಯ ಹೊಲದಲ್ಲಿ ರಾತ್ರಿಯೆಲ್ಲ ಬೋರ್‌ವೆಲ್ ಲಾರಿ ನಿಂತು ಭೂಮಿ ಕೊರೆಯುತ್ತದೆ. ಲಾರಿ ತಮಿಳುನಾಡಿನ ತಿರುಚೆಂಗೋಡಿನ ಕಡೆಯದು. ಮೈಯೆಲ್ಲ ಕಲ್ಲುಹಿಟ್ಟಾಗಿ ಪೈಪು ಎತ್ತುವ ಹುಡುಗರು ಛತ್ತೀಸಗಡದವರೋ ಒಡಿಶಾದವರೋ. ನೀರು ಬಿತ್ತೇ ಎಂದು ನೂರು ಸಲ ಕೇಳುವ ನಾವು ಆ ಹುಡುಗರನ್ನು ಉಂಡೆಯಾ ಎಂದು ಒಂದು ಸಲ ಕೇಳಿದ್ದುಂಟೇ? ಹೆದ್ದಾರಿಯ ಡಾಬಾದಲ್ಲಿ ಮೇಜು ಒರೆಸುವ ಬಿಹಾರದ ಹುಡುಗನ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವನಿಗೆ ಭರಮಸಾಗರವೇ ಗುರುಗ್ರಾಮ. ಅವನ ತಾಯಿಯೂ ಯಾವುದೋ ಹಳ್ಳಿಯಲ್ಲಿ ಕುಳಿತು ಇದೇ ಪ್ರಶ್ನೆಯನ್ನು ತನ್ನ ದೇವರ ಮುಂದೆ ಇಟ್ಟಿರುತ್ತಾಳೆ. ದೂರದ ಊರು ನಮ್ಮ ಮಗನನ್ನು ಹೇಗೆ ಕಾಣಬೇಕೆಂದು ಬಯಸುತ್ತೇವೆಯೋ ಹಾಗೆ ನಾವು ಇಲ್ಲಿ ಆ ತಾಯಿಯ ಮಗನನ್ನು ಕಾಣದಿದ್ದರೆ, ಗುರುಗ್ರಾಮವನ್ನು ದೂರುವ ಅಧಿಕಾರ ನಮಗೆಲ್ಲಿಂದ ಬಂತು?

ಎಪ್ಪತ್ತು ದಾಟಿದ ಮುದುಕ, ಭಾಷೆ ಬಾರದವನು, ಆ ಮಹಾನಗರಕ್ಕೆ ಕೊಡುವುದಾದರೂ ಏನನ್ನು ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ಯುಕ್ತವಾದದ್ದೇ. ಮಕ್ಕಳು ತಂದೆತಾಯಿಗಳನ್ನು ಕರೆದೊಯ್ದು ಸುಖದಲ್ಲಿ ಕೂರಿಸುತ್ತಾರೆ, ಕೈಯಿಂದ ಕೆಲಸವನ್ನೆಲ್ಲ ಕಸಿದುಕೊಳ್ಳುತ್ತಾರೆ. ಭಕ್ತಿಯಿಂದಲೇ ಹಾಗೆ ಮಾಡುತ್ತಾರೆ. ಅವರಿಗೆ ನಮ್ಮ ಸೂಚನೆ ಇಷ್ಟೇ: ಮೊಮ್ಮಗಳನ್ನು ಶಾಲೆಯ ಬಸ್ಸಿನವರೆಗೆ ಬಿಡುವ ಕೆಲಸವನ್ನಾದರೂ ಅವರಿಗೇ ಕೊಡಿರಿ.

ಪುಷ್ಯ ಮಾಸದಲ್ಲಿ ಅದೇ ಯಜಮಾನರು ಮತ್ತೆ ಬಂದಾಗ ನಾವು ಆ ಬಂಗಾಳಿ ತಾಯಿಯ ಸಂಗತಿಯನ್ನು ಅವರಿಗೆ ಹೇಳಿದೆವು. ಕೇಳಿಕೊಂಡರು, ಉತ್ತರ ಕೊಡಲಿಲ್ಲ. ಶಿವರಾತ್ರಿ ಕಳೆದು ಎಂಟು ದಿನಕ್ಕೆ, ಮಗನಲ್ಲಿಗೆ ಹೊರಟಿದ್ದೇನೆಂದು ಹೇಳಿಹೋಗಲು ಬಂದರು. ಕೈಯಲ್ಲಿ ಜೋಳದ ಹಿಟ್ಟಿನ ಚೀಲ. ಅದರ ಪಕ್ಕದಲ್ಲಿ ಬೇರೆಯಾಗಿ ಕಟ್ಟಿದ ಚಿಕ್ಕದೊಂದು ಗಂಟು. ಅದು ಯಾರಿಗೆಂದು ಕೇಳಿದೆವು. "ಆ ಗೇಟಿನವನಿಗೆ ಬುದ್ಧೀ. ಹೋದ ವರ್ಷ ಅವನಿಗೆ ನಮ್ಮ ರೊಟ್ಟಿ ತೋರಿಸಿದ್ದೆ. 'ಜ್ವಾರ್, ಜ್ವಾರ್' ಅಂತ ಅಂದು ಕಣ್ಣು ತುಂಬಿಕೊಂಡ. ಅವನ ಊರಲ್ಲೂ ಇದನ್ನೇ ಬೆಳೀತಾರಂತೆ." ಹೊರಟವರು ಬಾಗಿಲ ಬಳಿ ನಿಂತರು. ಉಂಡೆಯಾ ಅನ್ನುವುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆ, ಮೂರು ವರ್ಷ ಕಿವಿಗೆ ಬಿದ್ದಿದ್ದರೂ ನಾಲಗೆಗೆ ಹತ್ತಿಲ್ಲ ಎಂದರು. 'ಖಾನಾ ಖಾಯಾ' ಎಂದು ಹೇಳಿಕೊಟ್ಟೆವು. ಮೆಟ್ಟಿಲು ಇಳಿಯುತ್ತ ಅದನ್ನು ಎರಡು ಮೂರು ಸಲ ಹೇಳಿಕೊಂಡರು; ಮೂರನೆಯ ಸಲ ಮಹಾಪ್ರಾಣ ಬಿಟ್ಟುಹೋಗಿ 'ಕಾನಾ ಕಾಯಾ' ಎಂದು ಕೇಳಿಸಿತು. ತಿದ್ದಲು ಹೋಗಲಿಲ್ಲ.